ಎರಡು ಮುಖದ ಬಾಟ್ಲಿಯ ಎಡಗಡೆಯ ಅಣ್ಣ

ಓಣಿಯವರೆಲ್ಲ ‘ಆಮೇಲೆ’ ಎಂದು ಕರೆಯುವ ನಾನು, ವಯಸ್ಸು ಅರವತ್ತು ವರ್ಷ, ಉದ್ಯೋಗ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ, ವಾಸ ಹಳೆಯ ಔಷಧ ಕಾರ್ಖಾನೆಯ ಹಿಂದಿನ ಓಣಿ, ಮೂರನೆಯ ಮನೆ, ಮಹಡಿ ಮೇಲೆ, ಈ ದಿನ ಗುರುವಾರ ಬೆಳಿಗ್ಗೆ 8-45 ಗಂಟೆಗೆ ಠಾಣೆಗೆ ಖುದ್ದು ಬಂದು ಹೇಳಿ ಬರೆಸುವುದೇನೆಂದರೆ,

ನಾನು ಮೇಲೆ ಹೇಳಿದ ಮನೆಯಲ್ಲಿ ನನ್ನ ಹೆಂಡತಿ ಮತ್ತು ಒಡಹುಟ್ಟಿದ ಅಣ್ಣನ ಜೊತೆ ವಾಸವಾಗಿರುತ್ತೇನೆ. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಅಣ್ಣನಿಗೆ ಅರವತ್ತೈದು ವರ್ಷ, ಮದುವೆಯಾಗಿಲ್ಲ. ಓಣಿಯಲ್ಲಿ ಅವನಿಗೆ ‘ಮುಂಚೆ’ ಎನ್ನುತ್ತಾರೆ, ಕಾರಣ ಮುಂದೆ ಹೇಳುತ್ತೇನೆ. ಇದನ್ನು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ಲರು, ನಿಮ್ಮ ಅಣ್ಣ ಹಿರಿಯರಾದ್ದರಿಂದ ಅವರನ್ನು ಬಹುವಚನದಲ್ಲಿ ಬರೆಯುತ್ತೇನೆ ಎಂದರು. ಬೇಡ ಎಂದೆ. ಹುಟ್ಟಿದಾಗಿನಿಂದ ನಾನು ಅವನನ್ನು ನೀನು ಎಂದೇ ಕರೆದವನು, ಈಗ ಪೊಲೀಸ್ ಕಾಗದದಲ್ಲಿ ‘ಅವರು’ ಎಂದು ಓದಿದರೆ ಅವನೇ ನಗುತ್ತಾನೆ.

ಸದರಿ ಅಣ್ಣನಿಗೆ ಎರಡು ವರ್ಷದಿಂದ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ 11 ಗಂಟೆಗೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ನಮ್ಮ ಮನೆಯಲ್ಲಿ ಅದಕ್ಕೆ ‘ಮೆಷಿನ್’ ಎನ್ನುತ್ತೇವೆ. ಇವತ್ತು ಗುರುವಾರ. ಮೆಷಿನ್ ತಪ್ಪಿದರೆ ಮೈಯಲ್ಲಿ ನಿಂತ ನೀರು ಎದೆಗೆ ಏರುತ್ತದೆ, ಉಸಿರು ಕಟ್ಟುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ನಾನು ಹೇಳುವುದು ಉದ್ದವಾದರೆ ನನ್ನ ಮೇಲೆ ಸಿಟ್ಟಾಗದೆ, ಇನ್ನೊಬ್ಬರನ್ನು ಹುಡುಕಲು ಈಗಲೇ ಕಳಿಸಬೇಕೆಂದು ಕೇಳಿಕೊಂಡೆ. ಇಬ್ಬರು ಪೇದೆಗಳನ್ನು ಕಳಿಸಿದ್ದಾರೆ.

ನಿನ್ನೆ ಬುಧವಾರ ಬೆಳಿಗ್ಗೆ 6-10ಕ್ಕೆ ಅಣ್ಣ ಹಾಲಿನ ಕ್ಯಾನು ಹಿಡಿದು ಕೆಳಗಿಳಿದ. ಹಾಲಿನ ಅಂಗಡಿ ಮನೆಯಿಂದ ಸುಮಾರು ಇನ್ನೂರು ಮೀಟರ್. ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಮಾತಾಡಿಸಿಕೊಂಡು ಬರುವುದು ಅವನ ಅಭ್ಯಾಸ, ಹಾಗಾಗಿ ಅರ್ಧ ಗಂಟೆ ಯಾರೂ ಯೋಚನೆ ಮಾಡಲಿಲ್ಲ. ಏಳಾದರೂ ಬರದಿದ್ದಾಗ ನನ್ನ ಹೆಂಡತಿ, ಭಾವ ಎಲ್ಲೋ ಹರಟೆಗೆ ಕೂತಿರಬೇಕು, ನೋಡಿಕೊಂಡು ಬನ್ನಿ ಎಂದಳು. ಹಾಲಿನ ಅಂಗಡಿಯಲ್ಲಿ ಕ್ಯಾನು ಇತ್ತು. ಹಾಲು ಹಾಕಿಸಿ, ಮುಚ್ಚಳ ಮುಚ್ಚಿ, “ಮನೇಲಿಂದ ಯಾರಾದ್ರೂ ಬರ್ತಾರೆ, ಕೊಡಪ್ಪ” ಎಂದು ಹೇಳಿ ಬಸ್ಸಿನ ಕಡೆ ನಡೆದನಂತೆ. ಓಡಿಹೋಗುವವನು ಹಾಲು ಹಾಕಿಸಿ ಹೋಗುತ್ತಾನೆಯೇ ಎಂದು ಹೆಡ್ ಕಾನ್‌ಸ್ಟೇಬಲ್ಲರು ಕೇಳಿದರು. ನನ್ನ ಅಣ್ಣ ಹೋಗುತ್ತಾನೆ.

ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ, ಅವನು ಪೇಪರ್ ಓದಲು ಕೂರುವ ಕ್ಷೌರದ ಅಂಗಡಿ, ಎಲ್ಲ ಕಡೆ ನೋಡಿದೆ. ಮಗಳಿಗೆ ಫೋನ್ ಮಾಡಿದೆ. ದೊಡ್ಡಪ್ಪ ಇಲ್ಲಿಗೆ ಬಂದಿಲ್ಲ ಎಂದು ಹೇಳಿ ಅಳಲು ಶುರುಮಾಡಿದಳು. ಅವನ ಫೋನು ಮನೆಯಲ್ಲೇ, ದಿಂಬಿನ ಕೆಳಗಿತ್ತು.

ಇತ್ತೀಚಿನ ಫೋಟೋ ಕೊಡಿ ಎಂದರು. ಇಲ್ಲ. ಊರವರ ಫೋಟೋಗೆಲ್ಲ ಕಟ್ಟು ಹಾಕುವ ನನ್ನ ಮನೆಯಲ್ಲಿ ಅಣ್ಣನ ಫೋಟೋ ಒಂದೂ ಇಲ್ಲ. “ಒಂದ್ಸಲ ತೆಗೆಸ್ಕೊಂಡಿದ್ದೇ ಸಾಕಾಗಿದೆ” ಎಂದು ಮಗಳ ಮದುವೆಯಲ್ಲೂ ಕಂಬದ ಹಿಂದೆ ನಿಂತಿದ್ದ. ಆದ ಕಾರಣ ಆ ಒಂದು ಸಲದ್ದನ್ನೇ ತಂದು ಹಾಜರುಪಡಿಸಿದ್ದೇನೆ. ಅದು ಒಂದು ಖಾಲಿ ಔಷಧದ ಬಾಟ್ಲಿ. ಅದರ ಮೇಲಿನ ಚೀಟಿಯಲ್ಲಿ ಎರಡು ಮುಖಗಳಿವೆ. ಎಡಗಡೆಯ ಮುಖದ ಕೆಳಗೆ ‘ಮುಂಚೆ’ ಎಂದೂ ಬಲಗಡೆಯದರ ಕೆಳಗೆ ‘ಆಮೇಲೆ’ ಎಂದೂ ಅಚ್ಚಾಗಿದೆ. ಎಡಗಡೆಯವನು ಅಣ್ಣ. ಬಲಗಡೆ ಕೆನ್ನೆ ತುಂಬಿಕೊಂಡು ನಗುತ್ತಿರುವವನು ನಾನು.

ಹೆಡ್ ಕಾನ್‌ಸ್ಟೇಬಲ್ಲರು ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಮೂವತ್ತೆಂಟು ವರ್ಷದ ಹಿಂದಿನ ಫೋಟೋ ಇಟ್ಟುಕೊಂಡು ಮನುಷ್ಯನನ್ನು ಹೇಗೆ ಹುಡುಕುವುದು ಎಂದರು. ಹುಡುಕಬಹುದು. ಆವತ್ತು ಬಣ್ಣ ಬಳಿದು ತೆಗೆದ ಮುಖ ಈಗ ಅಣ್ಣನಿಗೆ ಬಂದಿದೆ. ಕಣ್ಣಿನ ಕೆಳಗಿನ ಊತ, ಒಣಗಿದ ತುಟಿ, ಎಲ್ಲವೂ ಹಾಗೆಯೇ ಇದೆ. ಕೂದಲು ಮಾತ್ರ ಬಿಳಿ ಎಂದು ಬರೆದುಕೊಳ್ಳಬೇಕು.

ಈ ಬಾಟ್ಲಿಯ ವಿಷಯ ಏನು ಎಂದು ಕೇಳಿದ್ದರಿಂದ ಹೇಳುತ್ತೇನೆ. ಈಗ ಗೋದಾಮಾಗಿರುವ ಕಟ್ಟಡ ಆಗ ಔಷಧದ ಕಾರ್ಖಾನೆ. ಒಂದೇ ಔಷಧ. ಮೂತ್ರಪಿಂಡ ಹಾಗೂ ಪಿತ್ತಕೋಶದ ಸಕಲ ತೊಂದರೆಗಳಿಗೆ, ದಿನಕ್ಕೆ ಎರಡು ಚಮಚ. ಜನ ಅದರ ಹೆಸರು ಮರೆತು ‘ಎರಡು ಮುಖದ ಬಾಟ್ಲಿ’ ಕೊಡಿ ಎನ್ನುತ್ತಿದ್ದರು. ಕಷಾಯ ಬೇಯಿಸುವವರಿಗೆ ಕಹಿ ಮೇಸ್ತ್ರಿ ಎಂದು ಹೆಸರು. ಅಣ್ಣ ಬಾಟ್ಲಿ ತುಂಬುವವನು, ನಾನು ಚೀಟಿ ಅಂಟಿಸುವವನು. ಕೊಪ್ಪರಿಗೆ ಇಳಿಸುವ ದಿನ ಆ ಕಹಿ ವಾಸನೆಗೆ ಹೆದರಿ ಓಣಿಯ ಹೆಂಗಸರು ಒಣಹಾಕಿದ ಬಟ್ಟೆ ಎಳೆದುಕೊಂಡು ಒಳಗೆ ಓಡುತ್ತಿದ್ದರು. ನಮ್ಮ ಓಣಿಯಲ್ಲಿ ಜ್ವರ ಬಂದವರು ಯಾರೂ ಬಾಯಿ ಕಹಿ ಎಂದು ಹೇಳುತ್ತಿರಲಿಲ್ಲ, ಓಣಿಯೇ ಕಹಿ.

ಆ ಔಷಧಕ್ಕೆ ಪರೀಕ್ಷೆ ಎಂದರೆ ಒಂದೇ. ಕೊಪ್ಪರಿಗೆ ಇಳಿದ ಮೇಲೆ ಗೇಟಿನೊಳಗೆ ಮೊದಲು ಕಾಲಿಟ್ಟವರಿಗೆ ಯಜಮಾನರು ಒಂದು ಚಮಚ ಕುಡಿಸುತ್ತಿದ್ದರು. ಕುಡಿದವರ ಮುಖ ಕಿವುಚಿ ಹೋಗಬೇಕು. ಸುಮ್ಮನೆ ನುಂಗಿಕೊಂಡರೆ ಇನ್ನೂ ಬೇಯಿಸು ಎಂದು ಮೇಸ್ತ್ರಿಗೆ ಹೇಳುತ್ತಿದ್ದರು. ಕಹಿ ಇಲ್ಲದ್ದನ್ನು ಜನ ಔಷಧ ಎಂದು ನಂಬುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಪಾಪ, ಹೆಚ್ಚಿನ ಸಲ ಸಿಕ್ಕಿಬೀಳುತ್ತಿದ್ದವನು ಅಂಚೆಯವನು. ಕೊನೆಗೆ ಅವನು ಕಾಗದಗಳನ್ನು ಗೇಟಿನ ಸಂದಿಯಿಂದ ಎಸೆದು ಸೈಕಲ್ ಹತ್ತಲು ಶುರುಮಾಡಿದ. ಹಾಗೆ ಬಂದು ಬೀಳುತ್ತಿದ್ದ ಕಾಗದಗಳಲ್ಲಿ ನನಗೆ ವಾಸಿಯಾಯಿತು, ನಮ್ಮ ತಾಯಿಗೆ ವಾಸಿಯಾಯಿತು ಎಂದು ಬರೆದವು ಇರುತ್ತಿದ್ದವು. ಊಟದ ಹೊತ್ತಿನಲ್ಲಿ ಅಣ್ಣ ಅವನ್ನು ರಾಗ ಎಳೆದು ಓದುತ್ತಿದ್ದ, ಬಾಟ್ಲಿ ತೊಳೆಯುವ ಹೆಂಗಸರು ಕೈಯಲ್ಲಿದ್ದ ತುತ್ತು ಬಿಟ್ಟು ನಗುತ್ತಿದ್ದರು. ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿ ಅಣ್ಣ ಆ ಔಷಧವನ್ನು ಒಂದು ಹನಿಯೂ ಬಾಯಿಗೆ ಹಾಕಲಿಲ್ಲ. “ಕಹಿ ನೀರು ಕಣೋ, ಭೇದಿ ಆದ್ರೆ ವಾಸಿ ಆಯ್ತು ಅಂದ್ಕೋತಾರೆ” ಎನ್ನುತ್ತಿದ್ದ.

ವಿಷಯಕ್ಕೆ ಬನ್ನಿ ಎಂದು ಹೇಳಲಾಯಿತು. ಇದೇ ವಿಷಯ.

ಚೀಟಿಗೆ ಫೋಟೋ ಬೇಕು ಎಂದಾಗ ಯಜಮಾನರು ಒಂದೇ ಮುಖದ ಇಬ್ಬರು ಎಂದು ನಮ್ಮನ್ನು ಆರಿಸಿದರು. ಆಗ ನನಗೆ ಇಪ್ಪತ್ತೆರಡು. ಕಾಮಾಲೆಯಾಗಿ ಎದ್ದು ಹತ್ತು ದಿನವೂ ಆಗಿರಲಿಲ್ಲ, ಕಣ್ಣು ಇನ್ನೂ ಹಳದಿ. ಅಣ್ಣನೋ ಎರಡು ಕೈಯಲ್ಲಿ ಎರಡು ತುಂಬಿದ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತುವವನು. ರೋಗಿ ನಾನು, ವಾಸಿಯಾದವನು ಅವನು ಎಂದು ಯಜಮಾನರು ಹೇಳಿದರು. ಅಣ್ಣ ಒಪ್ಪಲಿಲ್ಲ. “ಇವನಿಗೆ ಹೆಣ್ಣು ನೋಡ್ತಿದೀವಿ. ರೋಗಿ ಅಂತ ಅಚ್ಚು ಹಾಕಿ ಊರೂರಿಗೆ ಹಂಚಿದ್ರೆ ಯಾರು ಕೊಡ್ತಾರೆ? ಆ ಕಡೆ ನಾನು ಕೂತ್ಕೋತೀನಿ” ಎಂದ. ತನಗೂ ಇನ್ನೂ ಮದುವೆಯಾಗಿಲ್ಲ ಎಂಬುದು ಅವನಿಗೆ ಆ ಹೊತ್ತಿನಲ್ಲಿ ನೆನಪಿಗೆ ಬಂದಂತೆ ಕಾಣಲಿಲ್ಲ.

ಹಾಗಾಗಿ ಸ್ಟುಡಿಯೋದವನು ಅಣ್ಣನ ಕಣ್ಣಿನ ಕೆಳಗೆ ದೀಪದ ಕಪ್ಪು ಬಳಿದ, ರೆಪ್ಪೆಯ ಕೆಳಗೆ ಮೇಣ ಅಂಟಿಸಿದ, ತುಟಿಗೆ ಸುಣ್ಣ ಸವರಿದ. ನನ್ನ ಎರಡು ದವಡೆಗೂ ಹತ್ತಿ ತುರುಕಿ, ಯಜಮಾನರ ಕೋಟು ಹಾಕಿಸಿ, ನಗು ಎಂದ. ಹತ್ತಿ ಗಂಟಲಿಗೆ ಜಾರಿ ಕೆಮ್ಮು ಬಂದಾಗ ಅಣ್ಣ ರೋಗಿಯ ವೇಷದಲ್ಲೇ ಎದ್ದು ಬಂದು ನನ್ನ ಬೆನ್ನು ತಟ್ಟಿದ. ಆ ಮಧ್ಯಾಹ್ನ ನಾವಿಬ್ಬರೂ ವೇಷ ಕಳಚದೆ ರಸ್ತೆಯಲ್ಲಿ ನಡೆದುಕೊಂಡು ಮನೆಗೆ ಬಂದೆವು. ಅಮ್ಮ ಬಾಗಿಲು ತೆಗೆದು ಅಣ್ಣನನ್ನು ನೋಡಿ ಕಿರುಚಿಕೊಂಡರು, ಆಮೇಲೆ ಪೊರಕೆ ತಗೊಂಡರು. ನನ್ನ ಜೀವನದಲ್ಲಿ ಅಷ್ಟು ನಕ್ಕ ದಿನ ಇನ್ನೊಂದಿಲ್ಲ.

ಆ ಚೀಟಿ ಬಹಳ ಚೆನ್ನಾಗಿ ಕೆಲಸ ಮಾಡಿತು. ನನಗೆ ಆ ವರ್ಷವೇ ಮದುವೆಯಾಯಿತು. ಅಣ್ಣನನ್ನು ನೋಡಲು ಬಂದ ಹೆಣ್ಣಿನ ಕಡೆಯವರು ಕೂತು ನೀರು ಕುಡಿಯುವ ಮೊದಲೇ, ಇವರು ಬಾಟ್ಲಿಯವರಲ್ಲವೇ ಎನ್ನುತ್ತಿದ್ದರು. ಅದು ಬರೀ ಬಣ್ಣ ಎಂದು ನಾವು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಔಷಧದವರೇ ಔಷಧ ಸುಳ್ಳು ಎನ್ನುತ್ತಾರೆಯೇ ಎಂದು ಒಬ್ಬರು ಕೇಳಿದರು. ಮೂರು ಕಡೆ ಹೀಗಾದ ಮೇಲೆ ಅಣ್ಣ, “ಬಿಡ್ರಪ್ಪ, ಬಾಟ್ಲಿ ಮೇಲೆ ನನಗಿನ್ನೂ ವಾಸಿ ಆಗಿಲ್ಲ” ಎಂದು ನಕ್ಕು ಸುಮ್ಮನಾದ. ನನ್ನ ಮಗಳನ್ನು ಬೆಳೆಸಿದವನು ಅವನೇ. ಅವಳಿಗೆ ಸೈಕಲ್ ಕಲಿಸಿದ್ದು ಕಾರ್ಖಾನೆಯ ಅಂಗಳದಲ್ಲಿ, ಖಾಲಿ ಪೆಟ್ಟಿಗೆಗಳ ನಡುವೆ. ಯಜಮಾನರು ತೀರಿಕೊಂಡು ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಒಂದೊಂದು ಬಾಟ್ಲಿ ನೆನಪಿಗೆ ಒಯ್ದರು. ನಮ್ಮ ಮನೆಯಲ್ಲಿ ಉಳಿದದ್ದು ಇದೊಂದೇ, ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕಾಗಿ ಕೋರುತ್ತೇನೆ.

ಮನೆಯಲ್ಲಿ ಜಗಳವಾಗಿತ್ತೇ ಎಂದು ಕೇಳಿದರು. ಆಗಿತ್ತು. ಅಣ್ಣನಿಗೆ ನನ್ನ ಒಂದು ಕಿಡ್ನಿ ಕೊಡುವುದು ಎಂದು ತೀರ್ಮಾನವಾಗಿದೆ. ಎಲ್ಲ ತಪಾಸಣೆ ಮುಗಿದು ನನ್ನದು ಹೊಂದುತ್ತದೆ ಎಂದಿದ್ದಾರೆ. ಬರುವ ಮಂಗಳವಾರ ಆಪರೇಷನ್. ಮೊನ್ನೆ ವೈದ್ಯರು ನನ್ನನ್ನು ಮಲಗಿಸಿ, ಇಲ್ಲಿಂದ ಇಲ್ಲಿಯವರೆಗೆ ಎಂದು ಪಕ್ಕೆಯ ಮೇಲೆ ಬೆರಳೆಳೆದು ತೋರಿಸಿದರು. ಅಣ್ಣ ಪಕ್ಕದಲ್ಲೇ ನಿಂತು ನೋಡಿದ. ಮನೆಗೆ ಬಂದ ಮೇಲೆ ನನ್ನ ಹೆಂಡತಿಯನ್ನು ಕರೆದು, ಇವನನ್ನು ಎಷ್ಟುದ್ದ ಕೊಯ್ಯುತ್ತಾರಮ್ಮ, ನಾನು ಸರಿಯಾಗಿ ನೋಡಲಿಲ್ಲ ಎಂದು ಕೇಳಿದ. ಅವಳು ಗೇಣು ಅಗಲಿಸಿ ತೋರಿಸಿದಳು. ಅವನು ಊಟಕ್ಕೆ ಏಳಲಿಲ್ಲ.

ಆಗ ಮಾತಿಗೆ ಮಾತು ಬೆಳೆಯಿತು. ಬೇಡ, ಇನ್ನೊಂದೆರಡು ವರ್ಷ ಮೆಷಿನ್ನಿನಲ್ಲೇ ಕಳೆಯುತ್ತೇನೆ ಎಂದು ಅಣ್ಣ ಹೇಳಿದ. “ಕಿಡ್ನಿ ನಂದು, ಕೊಡೋನು ನಾನು, ನಿನ್ನನ್ನ ಕೇಳೋದೇನು?” ಎಂದೆ. “ಹಾಕಿಸ್ಕೊಳ್ಳೋ ಹೊಟ್ಟೆ ನಂದಲ್ವೇನೋ” ಎಂದ. ನಾನು ತಟ್ಟೆ ದೂಡಿ ಎದ್ದೆ. ನಮ್ಮಿಬ್ಬರ ಮಧ್ಯೆ ನಡೆದ ಜಗಳ ಇಷ್ಟೇ. ಕೈ ಎತ್ತಿಲ್ಲ, ಬೈದಿಲ್ಲ.

ಅಣ್ಣ ಹೊರಟಾಗ ಬಿಳಿ ಅಂಗಿ, ಬೂದು ಪ್ಯಾಂಟು, ನನ್ನ ಚಪ್ಪಲಿ ಹಾಕಿಕೊಂಡಿರುತ್ತಾನೆ. ಕಾಲು ಊದಿ ಅವನದು ಹಿಡಿಸುತ್ತಿಲ್ಲ. ಎಡ ಮುಂಗೈಯಲ್ಲಿ ಮೆಷಿನ್ನಿನ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ ಇದೆ, ಅಲ್ಲಿ ಯಾರೂ ಬಿಗಿಯಾಗಿ ಹಿಡಿಯಬಾರದು. ಸಿಕ್ಕಿದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು, ಬೈಯುವುದೇನಿದ್ದರೂ ನಾನು ಬೈಯುತ್ತೇನೆ. ಅವನನ್ನು ಪತ್ತೆ ಮಾಡಿ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

(ಸಹಿ)
ಠಾಣೆ, ಗುರುವಾರ, ಬೆಳಿಗ್ಗೆ 9-50

ಮುಂದುವರಿದ ಹೇಳಿಕೆ. ಅದೇ ದಿನ, ಮಧ್ಯಾಹ್ನ 4-15, ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಹೊರಗಿನ ಬೆಂಚು.

ನಾನು ಬೆಳಿಗ್ಗೆ ಹೇಳಿಕೆ ಕೊಟ್ಟವನೇ. ಅದರ ಮುಂದಿನದನ್ನು ಹೇಳುತ್ತೇನೆ. 12-20ಕ್ಕೆ ನನ್ನ ಹೆಂಡತಿಗೆ ಫೋನ್ ಬಂತು. ಮಾಡಿದವಳು ಕಹಿ ಮೇಸ್ತ್ರಿಯ ಸೊಸೆ. ಮಂಗಳವಾರ ರಾತ್ರಿ ಪಾಳಿ ಮುಗಿಸಿ, ಅಲ್ಲಿಂದಲೇ ತವರಿಗೆ ಹೋಗಿ ಈಗ ಬಂದು ನೋಡಿದರೆ ಮಾವ ಹಿತ್ತಲಲ್ಲಿ ಒಲೆ ಹೂಡಿದ್ದಾರೆ, ನಿಮ್ಮ ಭಾವ ಅಲ್ಲಿ ಕೂತಿದ್ದಾರೆ, ಕಾಲು ಕಂಬದ ಹಾಗಾಗಿದೆ, ಬೇಗ ಬನ್ನಿ ಎಂದಳು. ಮೇಸ್ತ್ರಿಗೆ ಈಗ ಎಂಬತ್ತು ದಾಟಿದೆ, ಕಿವಿ ಸರಿಯಿಲ್ಲ, ಫೋನ್ ಮಾಡಲು ಬರುವುದಿಲ್ಲ. ಮನೆ ರೈಲು ಹಳಿಯಾಚೆ, ಠಾಣೆಯಿಂದ ಏಳು ಕಿಲೋಮೀಟರ್. ಹೆಡ್ ಕಾನ್‌ಸ್ಟೇಬಲ್ಲರು ಜೀಪಿನಲ್ಲಿ ನನ್ನನ್ನು ಕರೆದುಕೊಂಡು ಹೋದರು.

ಹಿತ್ತಲಿನ ಬಾಗಿಲು ತೆಗೆದ ಕೂಡಲೇ ಆ ಹಳೆಯ ವಾಸನೆ ಬಂತು. ಇಪ್ಪತ್ತು ವರ್ಷವಾಗಿತ್ತು ಅದು ಮೂಗಿಗೆ ಬಿದ್ದು. ಒಂದು ಕ್ಷಣ ನನಗೆ ಎಲ್ಲಿಗೆ ಬಂದೆ, ಯಾಕೆ ಬಂದೆ ಎಂಬುದೇ ಮರೆತು, ಊಟದ ಗಂಟೆ ಇನ್ನೂ ಹೊಡೆದಿಲ್ಲವಲ್ಲ ಎಂದುಕೊಂಡೆ. ಮೇಸ್ತ್ರಿ ಒಲೆ ಊದುತ್ತಿದ್ದರು. ಅಣ್ಣ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಲೋಟ ಹಿಡಿದು ಕೂತಿದ್ದ. ನನ್ನನ್ನು ನೋಡಿ, “ಬಂದ್ಯಾ? ಅಂಗಡೀಲಿ ಯಾರಿದಾರೆ?” ಎಂದ. ಬಾಯಿತುಂಬ ಬೈಯಬೇಕೆಂದು ಹೋದವನು ನಾನು, ಅಂಗಡಿ ಮುಚ್ಚಿ ಬಂದಿದ್ದೇನೆ ಎಂದಷ್ಟೇ ಹೇಳಿದೆ.

ನಡೆದದ್ದನ್ನು ಮೇಸ್ತ್ರಿ ಹೇಳಿದರು. ಅಣ್ಣ ಬುಧವಾರ ಬೆಳಿಗ್ಗೆ ಬಂದು, ಹಳೆಯ ಔಷಧ ಒಂದು ಪಾತ್ರೆ ಬೇಯಿಸಿಕೊಡು ಎಂದು ಕೇಳಿದನಂತೆ. ನಿನಗೆ ಬುದ್ಧಿ ಇದೆಯಾ, ಅದರಲ್ಲಿ ಏನಿತ್ತು ಎಂದು ನಿನಗೆ ಗೊತ್ತಿಲ್ಲವಾ ಎಂದು ಮೇಸ್ತ್ರಿ ಬೈದರಂತೆ. ಅದಕ್ಕೆ ಅಣ್ಣ, “ವಾಸಿ ಆಯ್ತು ಅಂತ ಅಷ್ಟು ಕಾಗದ ಬರ್ತಿತ್ತಲ್ಲ ಮೇಸ್ತ್ರಿ. ಎಲ್ಲಾರೂ ಸುಳ್ಳು ಬರೆದಿರ್ತಾರಾ? ನಾಲ್ಕು ಜನಕ್ಕಾದ್ರೂ ನಿಜವಾಗ್ಲೂ ವಾಸಿ ಆಗಿರಬೇಕು. ಐದನೆಯವನು ನಾನಾಗ್ತೀನಿ. ಮಂಗಳವಾರದೊಳಗೆ ಕಾಯಿಲೆ ಸ್ವಲ್ಪ ಇಳಿದ್ರೂ ಸಾಕು, ಅವನನ್ನ ಕೊಯ್ಯೋದು ತಪ್ಪುತ್ತೆ” ಎಂದನಂತೆ. ಕೊಡುವವರೆಗೆ ಏಳುವುದಿಲ್ಲ ಎಂದು ಅಲ್ಲೇ ಕೂತನಂತೆ.

ಈ ಮಾತನ್ನು ಮೇಸ್ತ್ರಿ ಹೇಳುವಾಗ ನಾನು ಹಿತ್ತಲಿನ ಗೋಡೆಯ ಕಡೆ ತಿರುಗಿಕೊಂಡೆ.

ಪಾತ್ರೆಯಲ್ಲಿ ಏನಿದೆ ಎಂದು ಹೆಡ್ ಕಾನ್‌ಸ್ಟೇಬಲ್ಲರು ಆಮೇಲೆ ಮೇಸ್ತ್ರಿಯನ್ನು ಕೇಳಿದರು. ಒಂದು ಹಿಡಿ ಕಹಿ ಸೊಪ್ಪು, ನೀರು, ಬೇರೇನೂ ಇಲ್ಲ ಎಂದು ಮೇಸ್ತ್ರಿ ಪ್ರಮಾಣ ಮಾಡಿದರು. ಬೇರೆ ಎಲ್ಲಾದರೂ ಹೋಗಿ ಬೇರೆ ಏನಾದರೂ ಕುಡಿದಾನು ಎಂದು ಹೆದರಿ, ಕಣ್ಣ ಮುಂದೆ ಕೂರಿಸಿಕೊಂಡು, ಇದು ಗಟ್ಟಿ ಔಷಧ, ಎರಡು ಚಮಚದ ಮೇಲೆ ಕುಡಿಯಬಾರದು ಎಂದು ಹೇಳಿ ಅಷ್ಟಷ್ಟೇ ಕೊಟ್ಟರಂತೆ. ಪರವಾನಗಿ ಇಲ್ಲದೆ ಔಷಧ ಮಾಡಿದ ಬಗ್ಗೆ ಮೇಸ್ತ್ರಿಯ ಮೇಲೆ ದೂರು ಇದೆಯೇ ಎಂದು ನನ್ನನ್ನು ಕೇಳಲಾಯಿತು. ಯಾವ ದೂರೂ ಇಲ್ಲ. ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದಿದ್ದೇನೆ, ಅದನ್ನೂ ಬರೆದುಕೊಳ್ಳಬೇಕು.

1-40ಕ್ಕೆ ಆಸ್ಪತ್ರೆ ತಲುಪಿದೆವು. ವೈದ್ಯರು ರಕ್ತ ನೋಡಿ, ಸದ್ಯ ಸಮಯಕ್ಕೆ ಬಂದಿರಿ, ಇವತ್ತು ತಪ್ಪಿದ್ದರೆ ಕಷ್ಟವಿತ್ತು ಎಂದು ಹೇಳಿ ಕೂಡಲೇ ಮೆಷಿನ್ ಹಾಕಿದರು. ಉಸಿರು ಸರಿಹೋದ ಮೇಲೆ ಅಣ್ಣ ಮಾತಾಡಿದ. ಔಷಧ ಮೊದಲಿನಷ್ಟು ಕಹಿ ಇರಲಿಲ್ಲ, ಮೇಸ್ತ್ರಿಗೆ ವಯಸ್ಸಾಯಿತು ಎಂದ. ಮೊದಲಿನದನ್ನು ನೀನು ಯಾವತ್ತು ಕುಡಿದಿದ್ದೆ ಎಂದು ಕೇಳಿದೆ. ಅಂಚೆಯವನ ಮುಖ ನೋಡಿದ್ದು ಸಾಲದಾ ಎಂದ. ಪಕ್ಕದ ಹಾಸಿಗೆಯವರು ನಮ್ಮ ಕಡೆ ತಿರುಗಿ ನೋಡುವಷ್ಟು ಇಬ್ಬರೂ ನಕ್ಕೆವು.

ನಗು ನಿಂತ ಮೇಲೆ ನಾನು ಹೇಳಬೇಕಾದ್ದನ್ನು ಹೇಳಿದೆ. “ನಿನ್ನೆ ಒಂದು ದಿನ ನೀನಿಲ್ದೆ ಮನೇಲಿದ್ದೆ. ಸಾಕಾಯ್ತು ನಂಗೆ. ನೀನೇ ಇಲ್ದಿದ್ರೆ ಎರಡು ಕಿಡ್ನಿ ಇಟ್ಕೊಂಡು ಒಬ್ಬನೇ ಕೂತು ಏನ್ ಮಾಡ್ಲಿ ಹೇಳು?” ಎಂದೆ. ಅಣ್ಣ ಮೆಷಿನ್ನಿನಲ್ಲಿ ರಕ್ತ ಸುತ್ತುವುದನ್ನು ನೋಡುತ್ತ ಮಲಗಿದ್ದ.

ಆಗ ಹೆಡ್ ಕಾನ್‌ಸ್ಟೇಬಲ್ಲರು ಒಳಗೆ ಬಂದು ನಿಯಮದಂತೆ ಅವನನ್ನು ಕೇಳಿದರು. ನೀವು ವಯಸ್ಕರು, ನಿಮ್ಮನ್ನು ಯಾರೂ ಬಲವಂತ ಮಾಡುವಂತಿಲ್ಲ, ತಮ್ಮನ ಜೊತೆ ಹೋಗಲು ನಿಮಗೆ ಇಷ್ಟವಿದೆಯೇ, ಇಲ್ಲವೇ ಎಂದರು. ಅಣ್ಣ ನನ್ನ ಕಡೆ ತಿರುಗಿ, ಮಂಗಳವಾರ ಖಾಲಿ ಹೊಟ್ಟೆಯಲ್ಲಿ ಬರಬೇಕಂತಲ್ಲ ಎಂದು ಕೇಳಿದ. ಹೌದು, ಇಬ್ಬರೂ ಎಂದೆ.

“ನಂದು ಹೇಗೋ ಆಗುತ್ತೆ. ನೀನು ಹಸಿವು ತಡೆಯೋನಲ್ಲ, ಚಿಕ್ಕವನಿದ್ದಾಗ್ಲೂ ಅಷ್ಟೇ. ಸೋಮವಾರ ಸಾಯಂಕಾಲ ಹೊಟ್ಟೆ ತುಂಬ ಉಂಡುಬಿಡು” ಎಂದ.

ನನ್ನ ಅಣ್ಣ ಇದಕ್ಕಿಂತ ಬಿಡಿಸಿ ಹೇಳುವವನಲ್ಲ. ಇದನ್ನೇ ಅವನ ಒಪ್ಪಿಗೆ ಎಂದು ಬರೆದುಕೊಂಡು, ನಾನು ಕೊಟ್ಟ ದೂರನ್ನು ಮುಗಿಸಬೇಕಾಗಿ ಕೋರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ ಹಾಗೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಆಸ್ಪತ್ರೆ
ದಿನ: ಗುರುವಾರ
(ಸಹಿ) ತಮ್ಮ